ನಾಯಿಗೂ ಬೇಕು ತಾಲೀಮು!

ತೆರೆಯ ಮೇಲೆ ಓಡೋ ಹೀರೋ... ಮನೆ ಮುಂದೆ ಸರಪಳಿಯ ಕೈದಿ!

ಬೆಳ್ಳಿತೆರೆಯ ನಾಯಿ ಎಂದಾದರೂ ಸುಮ್ಮನೆ ಕೂತದ್ದನ್ನು ಕಂಡಿದ್ದೀರಾ? ಖಳನಾಯಕ ಜೀಪು ಹತ್ತಿ ಪರಾರಿಯಾದರೆ ಬೆನ್ನು ಹತ್ತುತ್ತದೆ. ನಾಯಕಿಯ ಚೀಟಿ ಬಾಯಲ್ಲಿ ಹಿಡಿದು ಹಳ್ಳ ಹಾರುತ್ತದೆ. ಕೊನೇ ರೀಲಿನಲ್ಲಿ ಕಿಟಕಿಯ ಗಾಜು ಒಡೆದು ಒಳಗೆ ನುಗ್ಗುತ್ತದೆ. ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ!

1973ರಲ್ಲಿ ಅಣ್ಣಾವ್ರ 'ಗಂಧದ ಗುಡಿ' ಕೊಟ್ಟ ನಿರ್ದೇಶಕ ವಿಜಯ್ 1984ರಲ್ಲಿ ಶಂಕರ್‌ನಾಗ್ ಅವರನ್ನು ಹಾಕಿಕೊಂಡು 'ತಾಳಿಯ ಭಾಗ್ಯ' ಮಾಡಿದರು. ಮರುವರ್ಷವೇ ಆ ಕಥೆಯನ್ನು ಮುಂಬಯಿಗೆ ಒಯ್ದರು. ಅದೇ 'ತೇರಿ ಮೆಹರ್‌ಬಾನಿಯಾಂ'. ಹೀರೋ ಜಾಕಿ ಶ್ರಾಫ್ ಅಂತ ಪೋಸ್ಟರು ಹೇಳಿತು. ಆದರೆ ಯಜಮಾನನ ಸಾವಿಗೆ ಸೇಡು ತೀರಿಸಿಕೊಂಡದ್ದು ನಾಯಿ! 2022ರಲ್ಲಿ ಬಂದ ಕಿರಣ್‌ರಾಜ್ ಅವರ '777 ಚಾರ್ಲಿ'ಯನ್ನಂತೂ ಮರೆಯೋ ಹಾಗೇ ಇಲ್ಲ. ಮನೆಯ ಮೂಲೆ ಹಿಡಿದು ಕೂತಿದ್ದ ರಕ್ಷಿತ್ ಶೆಟ್ಟಿಯವರ ಧರ್ಮನನ್ನು ಹಿಮಾಲಯದ ಮಂಜಿನ ತನಕ ಎಳೆದುಕೊಂಡು ಹೋದದ್ದು ಒಂದು ಹೆಣ್ಣು ಲ್ಯಾಬ್ರಡಾರ್! ರಾಷ್ಟ್ರಪ್ರಶಸ್ತಿಯೂ ಬಂತು, ಕರವಸ್ತ್ರಗಳೂ ಒದ್ದೆಯಾದವು.

ಸರಿ, ಚಿತ್ರ ಮುಗೀತು. ಕಣ್ಣು ಒರೆಸಿಕೊಂಡು ಹೊರಗೆ ಬಂದ ಪ್ರೇಕ್ಷಕ ಪ್ರಭು ಒಂದು ಮರಿ ತರುತ್ತಾನೆ. ಚಾರ್ಲಿ ಅಂತ ಹೆಸರಿಡುತ್ತಾನೆ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾನೆ. ಆಮೇಲೆ...? ಗೇಟಿನ ಪಕ್ಕದ ಗೂಟಕ್ಕೆ ಕಟ್ಟುತ್ತಾನೆ. ಅಲ್ಲಿಗೆ ಚಾರ್ಲಿಯ ಪಾತ್ರ ಮುಗೀತು!

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಊರುಗಳ ಹೊಸ ಬಡಾವಣೆಗಳಲ್ಲಿ ಮುಂಜಾನೆ ಒಂದು ಸುತ್ತು ಹಾಕಿ ನೋಡ್ರಿ. ದೊಡ್ಡ ಗೇಟು, 'ನಾಯಿ ಇದೆ ಎಚ್ಚರಿಕೆ' ಎಂಬ ಬೋರ್ಡು, ಒಳಗೆ ನಾಲ್ಕು ಮೊಳ ಸರಪಳಿ. ನಾಯಿ ಎಷ್ಟು ದೂರ ಸುತ್ತಬಲ್ಲದೋ ಅಷ್ಟು ದೂರ ನೆಲ ಸವೆದು ದುಂಡಗೆ ಗುರುತು ಬಿದ್ದಿರುತ್ತದೆ, ಥೇಟ್ ಗಾಣದೆತ್ತಿನ ದಾರಿ! ಮೂಡಲಗಿಯ ಕಡೆ ಕಬ್ಬಿನ ನಡುವಿನ ತೋಟದ ಮನೆಗಳಲ್ಲೂ ಇದೇ ನೋಟ. ಅಂಥ ಒಂದು ಮನೆಯ ಮುಂದೆ ನಡೆದ ಮಾತುಕತೆ ಕೇಳಿ:

"ನಾಯಿ ಯಾಕ ಕಟ್ಟೀರಿ ಅಣ್ಣಾರ?"

"ಬಿಟ್ರ ಕಡೀತೈತ್ರಿ."

"ಯಾವಾಗಿಂದ ಕಟ್ಟೀರಿ?"

"ಮರಿ ಇದ್ದಾಗಿಂದ್ರಿ!"

ಕಡಿಯುತ್ತದೆ ಅಂತ ಕಟ್ಟಿದರೋ, ಕಟ್ಟಿದ್ದಕ್ಕೆ ಕಡಿಯುತ್ತದೋ? ಈ ಲೇಖನದ ಕಥೆಯೆಲ್ಲ ಇರುವುದು ಇಲ್ಲೇ.

ನಮ್ಮ ಹೊಳೆಯ ದಂಡೆಯ ಓಟಗಾರ

ನಮ್ಮ ಈ ಮೂರು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿದವಳು ಘಟಪ್ರಭೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮಿನಲ್ಲಿ ತುಂಬಿ, ಗೋಕಾಕ ಫಾಲ್ಸಿನಲ್ಲಿ 52 ಮೀಟರು ಧುಮುಕಿ, ಮೂಡಲಗಿಯ ಕಬ್ಬಿಗೆ ನೀರುಣಿಸಿ ಮುಂದೆ ಮುಟ್ಟುವುದು ಯಾವ ಊರು? ಮುಧೋಳ! ಜಗತ್ತು ಮೆಚ್ಚಿದ ಓಟದ ನಾಯಿಯ ತವರುಮನೆ ನಮ್ಮ ಮಗ್ಗುಲಲ್ಲೇ ಇದೆ.

ಬೇಡರು ಬೇಟೆಗೆ ಒಯ್ಯುತ್ತಿದ್ದ ಈ ನಾಯಿಗಳ ಮೇಲೆ ಕಣ್ಣಿಟ್ಟು ತಳಿ ಬೆಳೆಸಿದವರು ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟ ಮೇಲೆ 'ಮುಧೋಳ ಹೌಂಡ್' ಎಂಬ ಹೆಸರು ಗಟ್ಟಿಯಾಯಿತು. ನಾಯಿ ಸಾಕುವವರ ದೊಡ್ಡ ಕ್ಲಬ್ಬುಗಳ ಪುಸ್ತಕದಲ್ಲಿ ಇದಕ್ಕೆ ಕಾರವಾನ್ ಹೌಂಡ್ ಅಂತಲೂ ಹೆಸರುಂಟು. 2005ರಲ್ಲಿ ಅಂಚೆ ಇಲಾಖೆ ಸ್ಟಾಂಪು ಹೊರಡಿಸಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ನಡೆಯುತ್ತಿದೆ. 2016ರಲ್ಲಿ ಮರಿಗಳು ಸೈನ್ಯದ ತರಬೇತಿಗೆ ಮೀರತ್ ಸೇರಿದವು. 2020ರ ಆಗಸ್ಟಿನಲ್ಲಿ ಪ್ರಧಾನಿ ಮೋದಿಯವರು 'ಮನ್ ಕಿ ಬಾತ್'ನಲ್ಲಿ ಹೆಸರು ಹೇಳಿದ ಮೇಲೆ ಕೇಳಬೇಕೇ? ಈ ನಾಯಿಯ ಹೆಸರು ಕೇಳದವರೂ ಕೇಳಿದರು, ಮರಿಗಾಗಿ ಹುಡುಕಿದರು.

ಹೆಸರು ಕೇಳಿದವರು ಅದರ ಮೈಕಟ್ಟನ್ನು ಮಾತ್ರ ಕೇಳಲಿಲ್ಲ. ಉದ್ದ ಕಾಲು, ಆಳವಾದ ಎದೆ, ಒಳಗೆ ಸೇದಿದ ಹೊಟ್ಟೆ, ಬಿಲ್ಲಿನಂಥ ಬೆನ್ನು. ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಕಂಡು ಬೆನ್ನಟ್ಟುವ ಜಾತಿ ಇದು. ಪೂರ್ತಿ ವೇಗದಲ್ಲಿದ್ದಾಗ ಒಂದೊಂದು ನೆಗೆತದಲ್ಲೂ ಎರಡೆರಡು ಸಲ ನಾಲ್ಕೂ ಕಾಲು ನೆಲ ಬಿಟ್ಟು ಗಾಳಿಯಲ್ಲಿರುತ್ತವೆ! ಇದರ ವಿಲಾಯಿತಿ ದಾಯಾದಿ ಗ್ರೇಹೌಂಡ್ ಗಂಟೆಗೆ 60 ಕಿಲೋಮೀಟರು ದಾಟುತ್ತದೆ. ಓಟದ ಚಕ್ರವರ್ತಿ ಉಸೇನ್ ಬೋಲ್ಟ್ ತಮ್ಮ ಜೀವಮಾನದ ಅತಿ ವೇಗದ ಕ್ಷಣದಲ್ಲಿ ಮುಟ್ಟಿದ್ದು 44ರ ಆಸುಪಾಸು. ಇಂಥ ಓಟಗಾರನನ್ನು ತಂದು ನಾಲ್ಕು ಮೊಳ ಸರಪಳಿಗೆ ಕಟ್ಟುವುದೆಂದರೆ, ಅಣ್ಣಾವ್ರನ್ನು ಕರೆಸಿ ಹಾಡು ಬೇಡ, ಬಾಗಿಲಲ್ಲಿ ನಿಂತು ಟಿಕೀಟು ಹರೀರಿ ಅಂದಹಾಗೆ!

ಇನ್ನೊಂದು ತಮಾಷೆ. ಈ ನಾಯಿಯ ಪಕ್ಕೆಲುಬು ಕಾಣುವುದು ಅದರ ಆರೋಗ್ಯದ ಲಕ್ಷಣ. ನಮ್ಮವರು ಅದನ್ನು ನೋಡಿ "ಪಾಪ, ಬಡಕಲಾಗೇತಿ" ಅಂತ ಹಾಲು, ಅನ್ನ, ಬಿಸ್ಕೀಟು ತಿನ್ನಿಸಿ ತಿನ್ನಿಸಿ ಕುರಿಮರಿ ಮಾಡಿಡುತ್ತಾರೆ. ಓಟವಿಲ್ಲ, ಊಟ ಮಾತ್ರ ಇದೆ. ತೆಳ್ಳನೆಯ ಕಾಲುಗಳ ಮೇಲೆ ಆ ಭಾರ ಕೂತರೆ ಕೀಲು ಏನಾಗಬೇಡ?

ದೇಹದ ಲೆಕ್ಕ, ತಲೆಯ ಲೆಕ್ಕ

ಬೆಳಗಾವಿ ಜಿಲ್ಲೆಯವರಿಗೆ ತಾಲೀಮಿನ ಮಹತ್ವ ಬೇರೆ ಯಾರೂ ಹೇಳಬೇಕಿಲ್ಲ. ಊರೂರಿಗೆ ಗರಡಿಮನೆ ಕಟ್ಟಿದ ನಾಡು ನಮ್ಮದು. ಪೈಲ್ವಾನ ತಾಲೀಮು ಬಿಟ್ಟು ಖುರಾಕು ಮಾತ್ರ ಮುಂದುವರಿಸಿದರೆ ಆರು ತಿಂಗಳಲ್ಲಿ ಏನಾಗುತ್ತಾನೆ ಅಂತ ಎಲ್ಲರೂ ಕಂಡಿದ್ದೇವೆ. ನಾಯಿಗೂ ಅದೇ ಕಾಯ್ದೆ.

ದಿನಾ ನಡೆಯುವ, ಓಡುವ ನಾಯಿಗೆ ಸ್ನಾಯು ಗಟ್ಟಿ, ಕೀಲು ಸಡಿಲ, ಮಲಬದ್ಧತೆಯಿಲ್ಲ. ಉಗುರು ತಾನಾಗಿ ಸವೆಯುತ್ತದೆ. ಕಟ್ಟಿದ ನಾಯಿಯ ಉಗುರು ಕೊಕ್ಕೆಯ ಹಾಗೆ ಬೆಳೆದು ನಡಿಗೆಯನ್ನೇ ಕೆಡಿಸುತ್ತದೆ. ಮೈ ಹಗುರಾಗಿದ್ದರೆ ಆಯುಷ್ಯವೂ ಹೆಚ್ಚು ಎಂಬುದು ಬರೀ ಬಾಯಿಮಾತಲ್ಲ. ಅಮೇರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಹುಟ್ಟಿನಿಂದ ಸಾವಿನ ತನಕ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲುಭಾಗ ಕಡಿಮೆ ಊಟ ಮಾಡಿ ತೆಳ್ಳಗಿದ್ದ ಗುಂಪು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿತು, ಕೀಲುನೋವೂ ತಡವಾಗಿ ಬಂತು. ನಾಯಿಯ ಎರಡು ವರ್ಷವೆಂದರೆ ಸಣ್ಣ ಮಾತೇ?

ಅದರಲ್ಲೂ ಚಾರ್ಲಿಯ ಅಭಿಮಾನಿಗಳು ಇದನ್ನು ಗಮನಿಸಬೇಕು. ಲ್ಯಾಬ್ರಡಾರ್‌ಗೆ ಹೊಟ್ಟೆ ತುಂಬಿತು ಅನ್ನೋದೇ ಗೊತ್ತಾಗುವುದಿಲ್ಲ ಅಂತ ನಗ್ತೀವಲ್ಲ, ಅದಕ್ಕೆ ರಕ್ತದಲ್ಲೇ ಕಾರಣವುಂಟು. ಹಸಿವು ತಣಿಯಿತು ಎಂದು ತಿಳಿಸುವ ಒಂದು ಜೀನು ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಕೆಟ್ಟಿರುತ್ತದೆ ಎಂದು ಇಂಗ್ಲೆಂಡಿನ ಕೇಂಬ್ರಿಜ್ ವಿಜ್ಞಾನಿಗಳು 2016ರಲ್ಲಿ ಕಂಡುಹಿಡಿದರು. ಅದು ಕೇಳಿದಾಗೆಲ್ಲ ಕೊಟ್ಟರೆ, ಮೇಲೆ ಕಟ್ಟಿಯೂ ಹಾಕಿದರೆ, ಮೂರು ವರ್ಷಕ್ಕೆ ಹೀರೋ ಹೋಗಿ ಹಾಸ್ಯನಟನ ಮೈಕಟ್ಟು!

ಇದು ದೇಹದ ಲೆಕ್ಕ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು ತಲೆಯ ಲೆಕ್ಕ.

ನಾಯಿಗೆ ಭಯವಾದರೆ ಎರಡು ದಾರಿ. ಒಂದು ಓಡಿ ಹೋಗುವುದು, ಇನ್ನೊಂದು ಎದುರು ಬೀಳುವುದು. ಸರಪಳಿ ಕಟ್ಟಿದಿರೆಂದರೆ ಮೊದಲನೇ ದಾರಿ ಬಂದ್! ಪೇಪರ್ ಹುಡುಗ ಬರಲಿ, ಹಾಲಿನವ ಬರಲಿ, ಚೆಂಡು ಹುಡುಕಿಕೊಂಡು ಪಕ್ಕದ ಮನೆಯ ಕೂಸು ಬರಲಿ, ಅದಕ್ಕೆ ಉಳಿದದ್ದು ಎರಡನೇ ದಾರಿ ಮಾತ್ರ. ದಿನವಿಡೀ ಬೀದಿಯಲ್ಲಿ ಜನ, ಕೋಳಿ, ಬೈಕು, ಬೇರೆ ನಾಯಿ ಎಲ್ಲ ಕಾಣುತ್ತವೆ. ಹತ್ತಿರ ಹೋಗಿ ಮೂಸುವ ಹಾಗಿಲ್ಲ. ಒಂದು ದಿನ, ಎರಡು ದಿನ ಅಲ್ಲ, ವರ್ಷಗಟ್ಟಲೆ. ಮನುಷ್ಯನನ್ನು ಹೀಗೆ ಕೂರಿಸಿದರೂ ಹುಚ್ಚು ಹಿಡಿಯುತ್ತದೆ. ತನ್ನ ಬಾಲವನ್ನೇ ಬೆನ್ನಟ್ಟಿ ಗಿರಗಿರ ತಿರುಗುವುದು, ಕಾಲು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುವುದು, ರಾತ್ರಿಯೆಲ್ಲ ಕಾರಣವಿಲ್ಲದೆ ಬೊಗಳುವುದು, ಬಹಳ ಸಲ ಇವೆಲ್ಲ ಈ ಜೈಲುವಾಸದ ಫಲ.

ಆಮೇಲೆ ಒಂದು ದಿನ ಸರಪಳಿ ಕಡಿಯುತ್ತದೆ, ಇಲ್ಲ ಯಾರೋ ಗೇಟು ತೆರೆಯುತ್ತಾರೆ. ಕೂಸಿನ ಕಾಲಿಗೆ ಹಲ್ಲು! ಓಣಿಯವರು ಬಡಿಗೆ ಹಿಡಿದು ಬರುತ್ತಾರೆ. "ಹುಚ್ಚುನಾಯಿ!" ಎಂಬ ಕೂಗು. ಕೂಸಿಗೆ ಸೂಜಿ, ನಾಯಿಗೆ ಸಾವು, ಎರಡು ಮನೆಗಳ ನಡುವೆ ಮಾತು ಬಂದ್. ಗೂಟ ಬಡಿದವನಿಗೆ ಮಾತ್ರ ಯಾವ ಶಿಕ್ಷೆಯೂ ಇಲ್ಲ.

ಶಿಕ್ಷೆಯಿಲ್ಲ ಅಂದೆನೇ? ಕಾನೂನಿನಲ್ಲಿ ಇದೆ ಸ್ವಾಮೀ!

ನರ್ತಕಿ ತಂದ ಕಾಯ್ದೆ

ಇದು ನಮ್ಮ ಕಲಾಲೋಕಕ್ಕೂ ಹೆಮ್ಮೆಯ ಸಂಗತಿ. ಭರತನಾಟ್ಯಕ್ಕೆ ಮರುಜೀವ ಕೊಟ್ಟ, 1936ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರ ಕಟ್ಟಿದ ರುಕ್ಮಿಣೀದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅಲ್ಲಿ ಅವರು ಹಿಡಿದ ಹಟ ಪ್ರಾಣಿಗಳ ಪರವಾಗಿತ್ತು. ಖಾಸಗಿ ಮಸೂದೆ ಮಂಡಿಸಿದರು. ಅದರ ಫಲವಾಗಿ ಸರಕಾರವೇ ತಂದದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಮುಂದೆ ಪ್ರಾಣಿ ಕಲ್ಯಾಣ ಮಂಡಳಿಗೂ ಅವರೇ ಮೊದಲ ಅಧ್ಯಕ್ಷೆ.

ಆ ಕಾಯ್ದೆಯ 11ನೇ ಕಲಮು ತೆಗೆದು ನೋಡಿ. ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಬಹಳ ಹೊತ್ತು ಕಟ್ಟಿಡುವುದು ಅಪರಾಧ. ಅದರ ಬೆನ್ನಿಗೇ ಇನ್ನೊಂದು ಮಾತು: ಯಾವಾಗಲೂ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದ ಯಜಮಾನನೂ ಅಪರಾಧಿ! ನಾಯಿಗೆ ತಾಲೀಮು ಮಾಡಿಸಿ ಅಂತ ದೇಶದ ಕಾನೂನೇ ಹೇಳುತ್ತದೆ. ಓದಿದಾಗ ನನಗೂ ಕುರ್ಚಿಯಿಂದ ಎದ್ದು ನಿಲ್ಲೋ ಹಾಗಾಯಿತು. ಕುದುರೆ, ಎತ್ತು, ಕತ್ತೆ ಎಲ್ಲ ಇರುವ ದೇಶದಲ್ಲಿ ವ್ಯಾಯಾಮದ ಈ ಮಾತು ಬಂದದ್ದು ನಾಯಿಯ ಹೆಸರು ಹಿಡಿದು.

ದಂಡ ಎಷ್ಟು ಗೊತ್ತೆ? ಮೊದಲ ಸಲಕ್ಕೆ 10 ರೂಪಾಯಿಯಿಂದ 50 ರೂಪಾಯಿ! 1960ರಲ್ಲಿ ಅದು ದೊಡ್ಡ ಮೊತ್ತ. ಇವತ್ತು ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಚಾ ಕುಡಿದು ಗಿರಮಿಟ್ಟು ತಿಂದರೆ ಅದಕ್ಕಿಂತ ಹೆಚ್ಚು ಬಿಲ್ಲಾಗುತ್ತದೆ. ಕಾಯ್ದೆ ಒಳ್ಳೆಯದು, ಹಲ್ಲು ಮಾತ್ರ ಹಾಲುಹಲ್ಲು.

ಹಾಗಾದರೆ ಎಷ್ಟು, ಹೇಗೆ?

ಒಬ್ಬೊಬ್ಬ ನಟನಿಗೆ ಒಂದೊಂದು ಪಾತ್ರ ಒಗ್ಗುವ ಹಾಗೆ ಒಂದೊಂದು ಜಾತಿಗೆ ಒಂದೊಂದು ಲೆಕ್ಕ. ನಮ್ಮ ಜವಾರಿ ನಾಯಿಗೆ ಹೊತ್ತಿಗೆ ಅರ್ಧ ತಾಸಿನಂತೆ ದಿನಕ್ಕೆ ಎರಡು ಸಲ ಚುರುಕು ನಡಿಗೆ ಸಾಕು. ಲ್ಯಾಬ್ರಡಾರ್‌ಗೆ ಸ್ವಲ್ಪ ಹೆಚ್ಚು. ಚೆಂಡು ಎಸೆದರೆ ಇನ್ನೂ ಖುಷಿ. ಮುಧೋಳ ನಾಯಿಗೆ ಎರಡು ಹೊತ್ತು ನಡಿಗೆಯ ಜೊತೆಗೆ ವಾರದಲ್ಲಿ ಮೂರ್ನಾಲ್ಕು ದಿನವಾದರೂ ಬೇಲಿಯಿರುವ ಜಾಗದಲ್ಲಿ ಬಿಟ್ಟು ಓಡಿಸಬೇಕು. ಹತ್ತು ನಿಮಿಷ ಬಾಣದಂತೆ ಓಡಿತೆಂದರೆ ಮುಂದೆ ದಿನವಿಡೀ ಕುಂಭಕರ್ಣನ ನಿದ್ದೆ!

ಬೇಲಿ ಅಂತ ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಬಯಲಲ್ಲಿ ಬಿಟ್ಟರೆ ಆಡಿನ ಮರಿ, ಕೋಳಿ ಯಾವುದು ಓಡಿದರೂ ಅದು ಬೆನ್ನು ಹತ್ತುತ್ತದೆ. ಆಗ ನೀವು ಕೂಗಿದ್ದು ಅದರ ಕಿವಿಗೆ ಬೀಳುವುದಿಲ್ಲ. "ಕಬ್ಬಿನಾಗ ಮೊಲ ಹಿಡಿಸೂಣ ಬಾ" ಎನ್ನುವ ಗೆಳೆಯರಿಂದ ದೂರ ಇರಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊಲದ ಬೇಟೆಯೂ ಅಪರಾಧವೇ. ಅಲ್ಲಿ ದಂಡ ಚಾ-ಗಿರಮಿಟ್ಟಿನ ಲೆಕ್ಕದಲ್ಲಿ ಮುಗಿಯುವುದಿಲ್ಲ!

ಮರಿಗಳಿಗೆ ಅವಸರ ಬೇಡ. ಎಲುಬಿನ ತುದಿ ಗಟ್ಟಿಯಾಗುವ ತನಕ, ದೊಡ್ಡ ಜಾತಿಗಳಲ್ಲಿ ಒಂದು ವರ್ಷವೋ ಒಂದೂವರೆ ವರ್ಷವೋ, ಉದ್ದ ಓಟ, ಎತ್ತರದ ಜಿಗಿತ ಮಾಡಿಸಬಾರದು. ಆಟ ಸಾಕು.

ಬೈಕಿಗೆ ಕಟ್ಟಿ ನಾಯಿ ಓಡಿಸುವ ಒಂದು ಚಾಳಿ ನಮ್ಮ ಕಡೆ ಉಂಟು. ಇದು ತಾಲೀಮಲ್ಲ, ಹಿಂಸೆ. ಸುಸ್ತಾಗಿದೆ ಅಂತ ಬಾಯಿ ಬಿಟ್ಟು ಹೇಳಲು ನಾಯಿಗೆ ಬರುವುದಿಲ್ಲ, ನಿಲ್ಲಲು ಹಗ್ಗ ಬಿಡುವುದಿಲ್ಲ. ಗೇರು ಹಾಕುತ್ತ ಮೀಸೆ ತಿರುವುವ ಅಣ್ಣಾರು ಒಂದು ದಿನ ತಾವೇ ಹಗ್ಗ ಕಟ್ಟಿಸಿಕೊಂಡು ಇನ್ನೊಬ್ಬರ ಬೈಕಿನ ಹಿಂದೆ ಓಡಿ ನೋಡಲಿ!

ಹೊತ್ತು ನೋಡಿ ಹೊರಡುವುದೂ ಮುಖ್ಯ. ನಮಗೆ ಬೆವರು ಮೈಯೆಲ್ಲ. ನಾಯಿಗೆ ಬೆವರುವುದು ಪಾದದ ಅಡಿಯಲ್ಲಿ ಮಾತ್ರ, ಉಳಿದ ಕಾವನ್ನೆಲ್ಲ ನಾಲಿಗೆ ಚಾಚಿ ತೇಕುತ್ತಲೇ ಹೊರಹಾಕಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಸೂರ್ಯ ಹುಟ್ಟುವ ಮುಂಚೆ, ಇಲ್ಲವೇ ಕತ್ತಲಾದ ಮೇಲೆ ಹೊರಡಿ. ಡಾಂಬರಿನ ಮೇಲೆ ನಿಮ್ಮ ಮುಂಗೈ ಹಿಂಬದಿ ಇಟ್ಟು ಏಳು ಎಣಿಸಿ. ತಾಳಲಾರದೆ ತೆಗೆದಿರೋ, ನಾಯಿಯ ಪಾದವೂ ಅದನ್ನು ತಾಳದು. ಜೊಲ್ಲು ಸುರಿಸಿ, ತೂರಾಡಿ, ಒಸಡು ಕೆಂಪಗಾದರೆ ಬಿಸಿಲು ಬಡಿದಿದೆ ಎಂದು ತಿಳಿದು ನೆರಳಿಗೆ ಒಯ್ದು ಮೈಗೆ ನೀರು ಸುರಿದು, ಗಾಳಿ ಬೀಸಿ, ದನದ ಡಾಕ್ಟರ ಹತ್ತಿರ ಓಡಿ. ಇಲ್ಲಿ ತಡ ಮಾಡಿದರೆ ಜೀವವೇ ಹೋಗುತ್ತದೆ.

ಊಟವಾದ ಕೂಡಲೇ ಓಡಿಸಬೇಡಿ. ಎದೆ ಆಳವಾಗಿರುವ ಮುಧೋಳ, ಜರ್ಮನ್ ಶೆಫರ್ಡ್‌ಗಳಂಥ ನಾಯಿಗಳಲ್ಲಿ ಗಾಳಿ ತುಂಬಿದ ಜಠರ ಹಗ್ಗದ ಹಾಗೆ ತಿರುಚಿಕೊಳ್ಳುವುದುಂಟು. ಆಪರೇಶನ್ ಆಗದಿದ್ದರೆ ಕೆಲವೇ ತಾಸಿನಲ್ಲಿ ಸಾವು. ಊಟಕ್ಕೂ ಓಟಕ್ಕೂ ನಡುವೆ ಎರಡು ತಾಸು ಬಿಡಿ.

ಇನ್ನು ಗೋಕಾಕದವರಿಗೇ ಒಂದು ಖಾಸಾ ಮಾತು. ಓಡಿ ಬಂದ ನಾಯಿಗೆ ಪ್ರೀತಿಯಿಂದ ಕರದಂಟು ಮುರಿದು ಕೊಡುವ ಪುಣ್ಯಾತ್ಮರಿದ್ದಾರೆ. ಬೇಡ್ರೀ! ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಬಾಣಂತಿಗೆ ಬಲ ಕೊಡುವ ಕರದಂಟು ನಾಯಿಗೆ ಸಲ್ಲದು. ಅದು ನಿಮಗೇ ಇರಲಿ.

ಜಾಹೀರಾತಿನ ಪುಟ್ಟ ನಾಯಿ

ಸಣ್ಣ ಪರದೆಯ ಒಂದು ಪ್ರಮಾದವನ್ನೂ ಹೇಳಿಬಿಡುತ್ತೇನೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತು ಬಂತು. ಒಬ್ಬ ಪುಟ್ಟ ಹುಡುಗ, ಅವನು ಹೋದಲ್ಲೆಲ್ಲ ಹಿಂದೆ ಹೆಜ್ಜೆ ಹಾಕುವ ಚಪ್ಪಟೆ ಮೂತಿಯ ಪಗ್. ದೇಶಕ್ಕೆ ದೇಶವೇ ಸೋತಿತು. ಪಗ್ ಮರಿಗೆ ಎಲ್ಲಿಲ್ಲದ ಬೇಡಿಕೆ! ವಿಪರ್ಯಾಸ ನೋಡಿ, ದಿನವಿಡೀ ಹಿಂದೆ ಹಿಂದೆ ನಡೆಯಲು ಅತ್ಯಂತ ಕಷ್ಟಪಡುವ ಜಾತಿಯೇ ಅದು. ಮೂಗು ಒಳಗೆ ಒತ್ತಿಕೊಂಡು ಉಸಿರ ದಾರಿ ಇಕ್ಕಟ್ಟು. ಸೆಖೆಯಲ್ಲಿ ಹತ್ತು ನಿಮಿಷ ಓಡಿಸಿದರೆ ಗೊರಗೊರ ಸದ್ದು. ನಮ್ಮ ಊರುಗಳ ಬೇಸಿಗೆಗೆ ಅದನ್ನು ತರುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ತಂದಾಗಿದ್ದರೆ ತಂಪು ಹೊತ್ತಿನಲ್ಲಿ ಕಾಲು ತಾಸಿನ ನಿಧಾನ ನಡಿಗೆ, ಕೊರಳಿಗೆ ಪಟ್ಟಿ ಬೇಡ, ಎದೆಗೆ ಹಾಕುವ ಪಟ್ಟಿ. ಆದರೆ ನಡಿಗೆಯೇ ಬೇಡ ಅಂತಲ್ಲ. ಬೊಜ್ಜು ಬಂದ ಪಗ್‌ಗೆ ಉಸಿರಾಟ ಇನ್ನೂ ಕಷ್ಟ.

1994ರ 'ಹಮ್ ಆಪ್ ಕೆ ಹೈ ಕೌನ್' ಚಿತ್ರದ ಟಫಿಯನ್ನು ನೋಡಿ ಬಿಳಿ ಪೊಮೆರೇನಿಯನ್ ತಂದವರದೂ ಇದೇ ಕಥೆ. ಮಡಿಲಲ್ಲೇ ಕೂರಿಸಿದರು. ಟಫಿ ಆ ಚಿತ್ರದಲ್ಲಿ ಕೂತದ್ದೆಷ್ಟು, ಓಡಾಡಿದ್ದೆಷ್ಟು ಅಂತ ಲೆಕ್ಕ ಹಾಕಲಿಲ್ಲ.

ಹೊರಗೆ ಹೊರಡುವ ಮುನ್ನ

ನಾಯಿಯನ್ನು ಬೀದಿಗೆ ಕರೆದೊಯ್ಯುವವರು ಮೊದಲು ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿರಬೇಕು. ಮೂರು ತಿಂಗಳಿಗೆ ಮೊದಲನೆಯದು, ಆಮೇಲೆ ಡಾಕ್ಟರು ಹೇಳಿದಂತೆ ವರ್ಷವರ್ಷ. ಹಗ್ಗ ಕೈಯಲ್ಲಿರಲಿ, ಹಗ್ಗದ ತುದಿ ಸಣ್ಣ ಹುಡುಗರ ಕೈಯಲ್ಲಿ ಬೇಡ. ಬೀದಿನಾಯಿಗಳ ಗುಂಪು ಎದುರಾದರೆ ಕಲ್ಲು ಬೀಸಬೇಡಿ, ಓಡಬೇಡಿ. ನಿಧಾನಕ್ಕೆ ದಾರಿ ಬದಲಿಸಿ. ಯಾರಿಗಾದರೂ ಹಲ್ಲು ತಾಗಿತೋ, ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ನೇರ ಸರಕಾರಿ ದವಾಖಾನೆಗೆ. ಕಬ್ಬು, ಮೆಕ್ಕೆಜೋಳದ ಹೊಲದ ಬದಿ ಓಡಾಡಿ ಬಂದ ನಾಯಿಯ ಕಿವಿ, ಬೆರಳ ಸಂದಿಗಳಲ್ಲಿ ಉಣ್ಣೆ ಹತ್ತಿರುತ್ತವೆ, ಹುಡುಕಿ ತೆಗೆಯಿರಿ.

"ಟೈಮ್ ಎಲ್ಲೈತ್ರಿ?" ಅಂತ ಕೇಳುವವರಿಗೆ ಕುರಿಗಾರರನ್ನು ತೋರಿಸಬೇಕು. ಬೇಸಿಗೆಯಲ್ಲಿ ಹಟ್ಟಿ ಕಿತ್ತು ಹೊರಟ ಕುರಿಹಿಂಡಿನ ಜೊತೆಗೆ ಬರುವ ನಾಯಿಗಳನ್ನು ನೋಡಿದ್ದೀರಲ್ಲ? ಹಿಂಡು ನಡೆದಷ್ಟೂ ನಡಿಗೆ. ಕುರಿ ನಡುವೆ ಅದೆಷ್ಟು ಸಮಾಧಾನ! ದಾರಿಹೋಕನ ಮೇಲೆ ಹಗಲು ಸುಮ್ಮನೆ ಬೀಳುವುದಿಲ್ಲ, ರಾತ್ರಿ ತೋಳದ ಸುಳಿವು ಸಿಕ್ಕರೆ ಮಾತ್ರ ಬೇರೆಯೇ ಅವತಾರ. ಕಾವಲು ನಾಯಿ ದಣಿದರೆ ಕಾವಲು ಕಾಯುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ? ಕುರಿಗಾರ ಅದಕ್ಕಾಗಿ ಬೇರೆ ಟೈಮ್ ತೆಗೆಯುವುದಿಲ್ಲ, ತನ್ನ ಕೆಲಸಕ್ಕೇ ಜೊತೆ ಕರೆದೊಯ್ಯುತ್ತಾನೆ. ನೀವೂ ಮುಂಜಾನೆ ಹಾಲಿಗೆ, ತೋಟದ ಮೋಟರು ಚಾಲು ಮಾಡಲಿಕ್ಕೆ ಹೋಗುವಾಗ ಹಗ್ಗ ಹಿಡಿದು ಹೊರಡಿ. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ನಡೀರಿ ನಡೀರಿ ಅಂತ ಹೇಳಿ ಸೋತದ್ದನ್ನು ನಾಯಿ ಎಳೆದುಕೊಂಡು ಹೋಗಿ ಮಾಡಿಸುತ್ತದೆ!

ಮುದಿ ನಾಯಿಯ ವಿಷಯ ಉಳಿಯಿತು. ಹತ್ತು ವರ್ಷದ ನಾಯಿಗೆ ವಯಸ್ಸಾಯಿತು ಅಂತ ಮೂಲೆಗೆ ಕಟ್ಟುತ್ತೀರಿ. ಕಟ್ಟಿದಷ್ಟೂ ಕೀಲು ಬಿಗಿಯುತ್ತದೆ. ಅದಕ್ಕೂ ನಡಿಗೆ ಬೇಕು. ಹತ್ತು ನಿಮಿಷ ಸಾಕು, ದಿನಕ್ಕೆ ಎರಡು-ಮೂರು ಸಲ. ಅವಸರ ಬೇಡ. ಅದು ನಡೆಯುವುದಕ್ಕಿಂತ ನಿಂತು ಮೂಸುವುದೇ ಹೆಚ್ಚು. ಕರೆಂಟ್ ಕಂಬದ ಬುಡಕ್ಕೆ ಮೂಗು ಇಟ್ಟಿತೆಂದರೆ ನಿನ್ನೆಯಿಂದ ಇಂದಿನ ತನಕ ಆ ದಾರಿಯಲ್ಲಿ ಯಾರು ಯಾರು ಹೋದರು, ಎಲ್ಲ ಸುದ್ದಿ ಅಲ್ಲಿ ಸಿಗುತ್ತದೆ. ನೀವು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಈ ಪತ್ರಿಕೆ ಓದುತ್ತಿಲ್ಲವೇ, ಅದೂ ಹಾಗೆಯೇ. ಓದಲಿ ಬಿಡ್ರಿ... ಹಗ್ಗ ಎಳೀಬ್ಯಾಡ್ರಿ!